ಗ್ರೂಪಿಗೆ ಬಂದ ಭಿನ್ನರಾಶಿ

ಕನಕಪುರದ ಬಸ್ ನಿಲ್ದಾಣ. ಮೀಟಿಂಗ್ ಮುಗಿಸಿ ಸುಸ್ತಾದ ಇಬ್ಬರು ಶಿಕ್ಷಕರು ನನ್ನ ಪಕ್ಕದಲ್ಲಿ ಉಯ್ಯಂಬಳ್ಳಿ ಬಸ್ಸಿಗೆ ಕಾಯುತ್ತಿದ್ದರು.

“ರಾಧಾಮಣಿ ಮಿಸ್, ನೀವು ಶನಿವಾರ ಟೀಚರ್ಸ್ ವಾಟ್ಸಾಪ್ ಗ್ರೂಪಿಗೆ ಹಾಕಿದ ಭಿನ್ನರಾಶಿ ವಿಡಿಯೊ ಬೋ ಚೆನ್ನಾಗೈತೆ.”

“ಮಕ್ಕಳಿಗೆ ತೋರಿಸುದ್ರಾ ಸಾರ್?”

“ತೋರಿಸ್ದೆ. ಹಿಂದಿನ ಬೆಂಚಿನವ್ರಿಗೂ ಅರ್ಥ ಆಗೋಯ್ತು.”

“ಅದು ಕುರಿಗೆ ಜಂತಿನ ಔಷಧಿ ಕುಡಿಸೋ ವಿಡಿಯೊ ಸಾರ್. ಭಿನ್ನರಾಶಿ ಅಂತ ಬರೆದು ಹಾಕೋವಾಗ, ನಮ್ಮೆಜಮಾನ್ರಿಗೆ ಕಳಿಸೋದು ಗ್ರೂಪಿಗೆ ಹೋಗ್ಬುಡ್ತು. ಯಾರಾದ್ರೂ ಹೇಳ್ತೀರೇನೋ ಅಂತ ಒಂದಿನ ಕಾದೆ.”

ಮೇಷ್ಟ್ರು ಮೊಬೈಲಿನ ಗಾಜು ಒರೆಸಿದರು.

“ಹಂಗಾರೆ ಸರಿಯಾದ್ದು ಒಸಿ ಹಾಕ್ಬುಡಿ ಮಿಸ್.”

“ಮಾರನೆ ದಿನವೇ ಹಾಕಿವ್ನಿ. ಕನ್ನಡದಲ್ಲಿ ಒಂದು ಒಳ್ಳೇದು ಸಿಗಲಿ ಅಂತ ಭಾನುವಾರ ಪೂರ್ತಿ ಹುಡುಕಿದ್ದು. ಅದಕ್ಕೂ ಹೆಬ್ಬೆಟ್ಟಿನ ಲೈಕು ಮೊದಲು ಒತ್ತಿದ್ದು ನೀವೇ.”

ಬಸ್ಸು ಬಂತು. ಮೇಷ್ಟ್ರು ಮಿಸ್ ಅವರ ಬ್ಯಾಗನ್ನೂ ಎತ್ತಿಕೊಂಡು ಹತ್ತಿದರು.