ಎಡ ಪೆಡಲಿನ ತೆಳು ಸದ್ದು

ಟಿಕ್ಕಣ್ಣನ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅವರ ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ, ಅವರ ಮಗಳಿಗೂ ನಮಸ್ಕಾರ. ನಾನು ಭಾಷಣ ಮಾಡುವವನಲ್ಲ. ಟಿಕ್ಕಣ್ಣನ ಸೈಕಲ್ ವರ್ಕ್‌ಶಾಪಿನಲ್ಲಿ ಅವರ ಪಕ್ಕ ನಿಂತು ಕೆಲಸ ಮಾಡಿದವನು. ಅರ್ಧ ಆಯುಷ್ಯ ಅವರ ಬೈಗುಳದಲ್ಲೇ ಕಳೆದಿದೆ. ಈ ಮೈಕ್ ಸ್ವಲ್ಪ ಕೆಳಗೆ ಮಾಡಿ — ಹಾಂ, ಸಾಕು.

ಇಲ್ಲಿ, ಫೋಟೋ ಪಕ್ಕದಲ್ಲಿ, ಅವರ ಸೈಕಲ್ ನಿಂತಿದೆ. ಎಡ ಪೆಡಲಿನಲ್ಲಿ ಒಂದು ಶೂ ಇದೆ, ನೋಡಿ. ಯಾರೋ ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದರೆ — ಅಲ್ಲ. ಅದು ಬಿಡುತ್ತಿಲ್ಲ.

ಸೈಕಲ್ ತುಳಿಯದವರಿಗೆ ಹೇಳಿಬಿಡುತ್ತೇನೆ. ಬೆಟ್ಟದ ಹಾದಿ ತುಳಿಯುವವರ ಶೂ ಅಡಿಯಲ್ಲಿ ಒಂದು ಸಣ್ಣ ಲೋಹದ ಬಿಲ್ಲೆ ಇರುತ್ತದೆ, ಕ್ಲೀಟ್ ಅನ್ನುತ್ತೇವೆ. ಪೆಡಲಿನಲ್ಲಿ ಸ್ಪ್ರಿಂಗ್ ಇರುವ ದವಡೆ. ಒತ್ತಿದರೆ ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬಿಡುತ್ತದೆ. ಬಿಡಬೇಕು. ಬಿಡದಿದ್ದರೆ ಸೈಕಲ್ ನಿಂತಕೂಡಲೇ ಸವಾರ ನೆಲಕ್ಕೆ. ನಮ್ಮ ಹಲ್ಲಿನ ಡಾಕ್ಟರ್ ಇಲ್ಲೇ ಕೂತಿದ್ದಾರೆ, ಕೇಳಿ. ಸಿಗ್ನಲ್‌ನಲ್ಲಿ, ಅವರದೇ ರೋಗಿಗಳ ಎದುರು, ಕಡಿದ ಮರದ ಹಾಗೆ ನಿಧಾನವಾಗಿ ಬಿದ್ದರು. ನಗಬೇಡಿ ಡಾಕ್ಟ್ರೇ, ಬಿದ್ದದ್ದು ನೀವೇ. ಅವರ ಕ್ಲೀಟಿನ ಒಂದು ಸ್ಕ್ರೂ ಉದುರಿತ್ತು. ಶೂ ತಿರುಗುತ್ತಿತ್ತು, ಬಿಲ್ಲೆ ತಿರುಗುತ್ತಿರಲಿಲ್ಲ. ಟಿಕ್ಕಣ್ಣ ನೋಡಿದವರೇ, "ಬಾಯೊಳಗಿನ ಹಲ್ಲು ಅಲ್ಲಾಡಿದ್ರೆ ಗೊತ್ತಾಗುತ್ತೆ, ಕಾಲಡಿ ಸ್ಕ್ರೂ ಅಲ್ಲಾಡಿದ್ದು ಗೊತ್ತಾಗ್ಲಿಲ್ವಾ ಸ್ವಾಮಿ?" ಅಂದರು.

ಅವರದೊಂದು ಪದ್ಧತಿ ಇತ್ತು. ಪೆಡಲ್ ರಿಪೇರಿ ಮುಗಿದ ಮೇಲೆ ವರ್ಕ್‌ಶಾಪ್ ಪೂರ್ತಿ ಬಾಯಿ ಮುಚ್ಚಬೇಕು. ಗಾಳಿ ತುಂಬುವ ಕಂಪ್ರೆಸರ್ ಬಂದ್, ರೇಡಿಯೋ ಬಂದ್. ಗಿರಾಕಿಯನ್ನು ಸೈಕಲ್ ಮೇಲೆ ಕೂರಿಸಿ, ತಾವು ಹ್ಯಾಂಡಲ್ ಹಿಡಿದು ಗೋಡೆ ಕಡೆ ಮುಖ ಮಾಡಿ ನಿಲ್ಲುವರು. "ಹ್ಞೂಂ, ಬಿಡಿಸ್ಕೊಳ್ಳಿ." ಹಾಕಿಕೊಳ್ಳುವಾಗ ದಪ್ಪ ಸದ್ದು — ಟಕ್. ಬಿಡಿಸಿಕೊಳ್ಳುವಾಗ ತೆಳು ಸದ್ದು — ಟಿಕ್. ಆ ಟಿಕ್ ಕಿವಿಗೆ ಬೀಳುವ ತನಕ ಸೈಕಲ್ ಬಾಗಿಲು ದಾಟುತ್ತಿರಲಿಲ್ಲ. ಹೆಸರು ಬಂದದ್ದೇ ಹಾಗೆ. ಮತ್ತೆ ಅವರು ಎಂದೂ ಇನ್ನೊಬ್ಬರ ಕಾಲನ್ನು ಮುಟ್ಟಿ ಬಿಡಿಸಿದವರಲ್ಲ. "ಸಿಕ್ಕಿಕೊಂಡೋನೇ ಬಿಡಿಸ್ಕೋಬೇಕು. ಬೆಟ್ಟದ ಮೇಲೆ ನಾನು ಬರ್ತೀನಾ?" ಅನ್ನುವರು.

ಆ ಕೊನೆಯ ದಿನ ಬೆಳಗ್ಗೆ ನಮ್ಮ ಸೈಕಲ್ ಗುಂಪಿನಲ್ಲಿ ಅವರು ಎಲ್ಲರಿಗಿಂತ ಮುಂದೆ ಇದ್ದರು. ಕಲ್ಲುಗಣಿ ಮೇಲಿನ ತಿರುವಿನಲ್ಲಿ ಸೈಕಲ್ ಮೇಲೇ ಕೂತು, ಒಂದು ಮರಕ್ಕೆ ಭುಜ ಆನಿಸಿ, ಎರಡೂ ಕಾಲು ಪೆಡಲ್ ಮೇಲಿಟ್ಟು ನಿಂತಿದ್ದರು. ಹಿಂದಿನವರಿಗಾಗಿ ಕಾಯುವಾಗ ಯಾವಾಗಲೂ ಹಾಗೇ ನಿಲ್ಲುವವರು. ಡಾಕ್ಟರ್ "ಬನ್ನಿ ಟಿಕ್ಕಣ್ಣ, ಹೋಗೋಣ" ಅಂತ ಹೇಳಿ ದಾಟಿದರು. ಬೇಕರಿಯವರು ಕೈ ಬೀಸಿ ದಾಟಿದರು. ಎಲ್ಲರೂ ಇಳಿದು ಕೆಳಗೆ ಕಾದೆವು. ಬರಲಿಲ್ಲ. ಹತ್ತಿ ಹೋಗಿ ನೋಡಿದರೆ — ಹಾಗೇ ಇದ್ದಾರೆ. ಕಣ್ಣು ತೆರೆದೇ ಇತ್ತು. ಹೃದಯ ನಿಂತಿತ್ತು.

ಇಳಿಸುವಾಗ ಬಲಗಾಲು ಮುಟ್ಟಿದ್ದೇ ತಡ, ಪೆಡಲ್ ಬಿಟ್ಟು ಬಂತು. ಎಡಗಾಲು ಬರಲಿಲ್ಲ. ಕೊನೆಗೆ ಶೂ ಬಿಚ್ಚಿ ಕಾಲನ್ನಷ್ಟೇ ತೆಗೆದೆವು.

ಅತ್ತಿಗೆ ವರ್ಕ್‌ಶಾಪಿಗೆ ಬಂದು ಕೇಳಿದ್ದು ಒಂದೇ ಮಾತು. ಇಲ್ಲಿ ಹೇಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ಕಾಲು ಸಿಕ್ಕಾಕ್ಕೊಂಡು ಒದ್ದಾಡಿದ್ರಾ? ಇಳಿಯೋಕಾಗ್ದೆ ಹೋದ್ರಾ?" ನಾನು ಹೇಳಿದೆ, "ಇಲ್ಲ ಅತ್ತಿಗೆ. ಹೆದರಿದ ಮನುಷ್ಯ ಪೆಡಲ್ ಬಿಟ್ಟು ಬರೋ ಕಾಲನ್ನ ಮೊದಲು ನೆಲಕ್ಕೆ ಊರ್ತಾನೆ. ಅವರ ಬಲಗಾಲೂ ಪೆಡಲ್‌ನಲ್ಲೇ ಇತ್ತು. ಒದ್ದಾಡಿಲ್ಲ." ಅವರು ಪೆಡಲಿನಲ್ಲಿದ್ದ ಶೂ ತೋರಿಸಿ, "ಹಾಗಾದ್ರೆ ಈ ಎಡಗಾಲಿನದ್ದು ಯಾಕೆ ಬಿಡ್ತಿಲ್ಲ?" ಅಂದರು.

ಬಿಡಿಸಲು ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಸ್ಪ್ರಿಂಗಿನ ಬಿಗಿ ಕೊನೆವರೆಗೂ ಸಡಿಲಿಸಿದೆ. ಮಣ್ಣು ಕೆರೆದೆ, ಇರಲೇ ಇಲ್ಲ. ಎಣ್ಣೆ ಬಿಟ್ಟೆ. ಸ್ಕ್ರೂ ಉದುರಿದ್ದರೆ ಶೂ ಸುಮ್ಮನೆ ತಿರುಗಬೇಕಿತ್ತು, ಅದೂ ಇಲ್ಲ. ಎಲ್ಲ ಸರಿಯಾಗಿದೆ. ಆದರೆ ಒಳಗಿಂದ ಯಾರೋ ಪಾದ ಊರಿ ಹಿಡಿದ ಹಾಗೆ.

ಮತ್ತೆ — ಇದನ್ನು ಹೇಳಬೇಕೋ ಬೇಡವೋ — ಕಂಪ್ರೆಸರ್ ಆರಿಸಿದಾಗಲೆಲ್ಲ ಆ ಸೈಕಲ್ ಕಡೆಯಿಂದ ಸದ್ದು ಬರುತ್ತದೆ. ದಪ್ಪ ಸದ್ದು. ಟಕ್. ಹಾಡುಹಗಲಲ್ಲಿ. ಹೋಗಿ ನೋಡಿದರೆ ಮೇಲೆ ಬಿಟ್ಟಿದ್ದ ಪೆಡಲ್ ಕೆಳಗೆ ಬಂದಿರುತ್ತದೆ. ಶೂ ಭಾರಕ್ಕೆ ಇಳಿಯಿತು ಅಂದುಕೊಂಡೆ. ಸರಿ, ಕೆಳಗೆ ಬಿಟ್ಟು ಹೋದೆ. ಮೇಲೆ ಬಂದಿತ್ತು.

ನನಗೆ ಹುಚ್ಚು ಅನ್ನುವವರು ಅನ್ನಲಿ. ನಾನು ಹೆದರಿದ್ದೇನೆ, ಸುಳ್ಳು ಯಾಕೆ ಹೇಳಲಿ? ಕೊನೆಗೆ ಪೆಡಲನ್ನೇ ಕೊಯ್ದುಬಿಡೋಣ ಅಂತ ಗರಗಸ ಎತ್ತಿದೆ. ಅತ್ತಿಗೆ ಅಲ್ಲೇ ಇದ್ದರು. ಆಗ ಬಂತು, ಟಕ್. ಅವರಿಗೂ ಕೇಳಿಸಿತು. ನಾನು ಹಿಂದೆ ಸರಿದೆ, ಅವರು ಮುಂದೆ ಬಂದರು. ಸೀಟಿನ ಮೇಲೆ ಕೈಯಿಟ್ಟು, "ಇವ್ರಿನ್ನೂ ಹತ್ತುತ್ತಾನೇ ಇದ್ದಾರೆ" ಅಂದರು. ಆಮೇಲೆ ನನ್ನ ಕೈಯಿಂದ ಗರಗಸ ತೆಗೆದುಕೊಂಡರು. "ನೀವ್ಯಾರೂ ಮುಟ್ಬೇಡಿ. ಅವರದ್ದು ಅವರೇ ಬಿಡಿಸ್ಕೊಳ್ಳಲಿ. ಸಭೆಗೆ ತನ್ನಿ, ಎಲ್ಲರೂ ಸುಮ್ಮನಿರಿ, ಸಾಕು. ಆ ತೆಳು ಸದ್ದು ಒಂದು ಸಲ ಕೇಳಿದ್ರೆ ನಾನೂ ಮನೆಗೆ ಹೋಗಿ ಮಲಗ್ತೀನಿ."

ಅಂದಿನಿಂದ ಅತ್ತಿಗೆ ಕಣ್ಣು ಮುಚ್ಚಿಲ್ಲ. ಮಗಳು ಹೇಳಿದಳು.

— ಅದಲ್ಲ. ಆ ಸದ್ದು ಹಿಂದಿನ ಸಾಲಿನ ಕುರ್ಚಿಯದು. ಕೂತ್ಕೊಳ್ಳಿ.

ಟಿಕ್ಕಣ್ಣ, ನಿಮ್ಮಷ್ಟು ಬೈದವರು ನನಗೆ ಯಾರೂ ಇಲ್ಲ, ನಿಮ್ಮಷ್ಟು ಕಲಿಸಿದವರೂ ಇಲ್ಲ. ಹಿಂದೆ ಬಂದವರೆಲ್ಲ ದಾಟಿ ಹೋಗಿದ್ದಾರೆ. ಇನ್ನು ಯಾರಿಗೂ ಕಾಯಬೇಕಾಗಿಲ್ಲ, ಅಣ್ಣ. ಹಿಮ್ಮಡಿ ಹೊರಗೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫೋನ್ ಆರಿಸಿ. ಆ ಫ್ಯಾನ್ ಕೂಡ ಆರಿಸಿ. ಯಾರೂ ಸೈಕಲ್ ಕಡೆ ನೋಡಬೇಡಿ, ಗೋಡೆ ಕಡೆ ಮುಖ ಮಾಡಿ, ಅವರು ನಿಲ್ಲುತ್ತಿದ್ದ ಹಾಗೆ. ಎಷ್ಟು ಹೊತ್ತು ಅಂತ ನಾನು ಹೇಳುವುದಿಲ್ಲ. ಸಾಕು ಅಂತ ಅತ್ತಿಗೆ ಹೇಳುವ ತನಕ ಮೌನವಾಗಿರೋಣ.