ಹೆಣ್ಣು ನೋಡಲು ಬಂದವರಿಗೆ ಕೋಲ್ಡ್ ಕಾಫಿ

ಹಲೋ… ಹಾಂ, ಸಾಬೀರಾನೇ. ನೀವ್ಯಾರು ಮಾತಾಡ್ತಿರೋದು?

…

ಯಾವ ಶಾಂತಮಲ್ಲಮ್ಮ? ಗುಂಡ್ಲುಪೇಟೇಲಿ ಬೇಕಾದಷ್ಟು ಜನ ಶಾಂತಮಲ್ಲಮ್ಮ ಅವ್ರೆ. … ಓ, ಪಕ್ಕದ ಮನೆಯವ್ರಾ? ಹೇಳಿ. ಇದು ಐಸ್ ಅಂಗಡಿ. ಏನ್ ಬೇಕಿತ್ತು?

…

ತಮಾಷೆ ಯಾಕ್ ಮಾಡ್ಲಿ? ಭಾನುವಾರ ಹೆಣ್ಣು ನೋಡೋಕೆ ಬಂದೋರ ಮುಂದೆ ನೀವೇ ತಾನೆ ಹೇಳಿದ್ದು? 'ಐಸ್ ಅಂಗಡಿಯವ್ರು. ಅಲ್ಲೇ ಬಾಗ್ಲತ್ರ ಇಟ್ಟೋಗಿ' ಅಂತ. ಮರ್ತೋಯ್ತಾ?

…

ಹಾಂ, 'ನೀವು' ಅಂತಾನೇ ಅಂತೀನಿ. ನಿಮ್ ಮಗ್ಳು ಸ್ವರ್ಣಲತಾ ಹುಟ್ಟೋಕ್ ಮುಂಚಿಂದ್ಲೂ ನನ್ನ 'ಬಾರೇ, ಹೋಗೇ' ಅಂತಿದ್ದೋರು, ಅವತ್ತು 'ಇಟ್ಟೋಗಿ' ಅಂದ್ರಿ. ನಂಗೂ ಮರ್ಯಾದೆ ಕೊಡೋಕೆ ಬರ್ತದೆ.

…

ಅಲ್ಲಾ, ಗೋಡೆ ಆಚೆಯಿಂದ ಯಾಕ್ರೀ ಫೋನು? ನಿಮ್ ಕುಕ್ಕರ್ ಕೂಗೋದು ಫೋನಲ್ಲೂ ಕೇಳ್ತಾ ಅದೆ, ಕಿಟಕೀಲೂ ಕೇಳ್ತಾ ಅದೆ. ಬಂದು ಮೊಕ ತೋರ್ಸೋಕೆ ಆಗ್ಲಿಲ್ವಾ? … ಮೊದ್ಲು ಒಲೆ ಆರ್ಸಿ, ಬೇಳೆ ತಳ ಹತ್ಕೊಂಡಾತು.

…

ಹ್ಞೂಂ, ಇದ್ದೀನಿ. … ಒಪ್ಕೊಂಡ್ರಾ? ಬೇಗೂರಿನೋರು? ನಿಜವಾಗ್ಲೂ? … ಸಂತೋಷ ಕಣ್ರೀ. ಅದ್ರಲ್ಲಿ ನಂಗೇನೂ ಕೋಪ ಇಲ್ಲ. ಮಗು ಚೆನ್ನಾಗಿರ್ಲಿ. … ಏನು? ನಾನ್ ಮಾಡ್ಕೊಟ್ಟ ಕಾಫೀನ ಹೊಗಳಿದ್ರಾ?

…

ಗುರುವಾರ ಮಾತುಕತೆಗೆ ಬತ್ತಾರಾ? ಬರ್ಲಿ ಬುಡಿ. … ಯಾರು, ಹುಡುಗನ ತಾಯಿನಾ? ಅಡುಗೆಮನೇಲಿ ಸ್ವರ್ಣನ ಪಕ್ಕ ನಿಂತ್ಕೊಂಡು ಕೋಲ್ಡ್ ಕಾಫಿ ಕಲೀತಾರಂತಾ?

…

ಸರೋಯ್ತು! 'ನಮ್ ಹುಡ್ಗೀನೇ ಮಾಡಿದ್ದು' ಅಂತ ಎದೆ ಉಬ್ಬಿಸ್ಕೊಂಡು ಹೇಳಿದ್ರಲ್ಲ, ಈಗ ಮಾಡ್ಲಿ. ಆ ಹುಡ್ಗಿಗೆ ಡಿಕಾಕ್ಷನ್ ಇಳ್ಸೋಕೂ ಬರಲ್ಲ. ನೀವ್ಯಾವತ್ತು ಒಲೆ ಹತ್ರ ಬಿಟ್ಟಿದ್ರಿ ಅವ್ಳನ್ನ?

…

ಹೇಳ್ಕೊಡಲ್ಲ. ನಾನ್ಯಾಕೆ ಹೇಳ್ಕೊಡ್ಲಿ? ಯೂಟ್ಯೂಬಲ್ಲಿ ನೋಡ್ಕೊಳ್ಳಿ.

…

ನೋಡೇ ಮಾಡಿದ್ರಾ? … ನೀರ್ ನೀರಾಯ್ತಾ? ಆಗ್ದೆ ಇರ್ತದಾ? ಸುಡ್ತಿರೋ ಡಿಕಾಕ್ಷನ್ ಮೇಲೆ ಐಸ್ ಸುರಿದ್ರೆ ಇನ್ನೇನಾಗ್ತದೆ. … ಯಾರದು ಅಳೋದು? ಸ್ವರ್ಣನಾ? … ಯಾಕ್ ಅಳಿಸ್ತೀಯ ಆ ಮಗೂನ? ಸ್ಪೀಕರ್‌ಗೆ ಹಾಕು. ಹಾಕು ಶಾಂತಾ, ನಿನ್ ಜೊತೆ ಆಮೇಲೆ ಮಾತಾಡ್ತೀನಿ.

…

ಸ್ವರ್ಣಾ, ಕೇಳಿಸ್ತಾ ಅದಾ ಕಣಮ್ಮಿ? ಅಳೋದ್ ಬುಡು. ಬೆಳಿಗ್ಗೆ ಎದ್ದೋಳೇ ಫಿಲ್ಟರ್‌ಗೆ ಪುಡಿ ಹಾಕು, ದಿನಾ ಹಾಕೋದಕ್ಕಿಂತ ಕೈ ಬಿಚ್ಚಿ ಹಾಕು. ಮೊದ್ಲು ಇಳಿಯೋ ಡಿಕಾಕ್ಷನ್ ಮಾತ್ರ ಇದಕ್ಕೆ. ಎರಡ್ನೇದು ನಿಮ್ಮಪ್ಪಂಗೆ ಕೊಡು, ಅವ್ರಿಗೆ ಗೊತ್ತಾಗಲ್ಲ. ಬಿಸಿ ಇರೋವಾಗ್ಲೇ ಸಕ್ಕರೆ ಕರಗಿಸ್ಬುಡು, ತಣ್ಣಗಾದ್ಮೇಲೆ ಹಾಕಿದ್ರೆ ತಳದಲ್ಲೇ ಕೂತ್ಕೊಳ್ತದೆ. ಆಮೇಲೆ ಅದ್ರಲ್ಲಿ ಅರ್ಧ ಐಸ್ ಟ್ರೇಗೆ ಹುಯ್ಯಿ.

…

ಹಾಂ, ಡಿಕಾಕ್ಷನ್ನೇ ಕಣಮ್ಮಿ, ನೀರಲ್ಲ. ಅದನ್ನೇ ಗಟ್ಟಿ ಮಾಡ್ಬೇಕು. ನೀರಿನ ಐಸ್ ಹಾಕಿದ್ರೆ ಕರಗ್ತಾ ಕರಗ್ತಾ ಕಾಫಿ ಸಪ್ಪೆ ಆಗ್ತದೆ. ಇದು ಕರಗಿದ್ರೂ ಕಾಫೀನೇ ಅಲ್ವಾ? ನಿಮ್ ಫ್ರಿಜ್ ಐಸ್ ಕಟ್ಟಲ್ಲ, ಟ್ರೇ ತಂದು ನಮ್ದ್ರಲ್ಲಿ ಮಡಗು. ಹಾಲು ಕಾಯ್ಸಿ, ಆರ್ಸಿ, ಕೆನೆ ತೆಗ್ದು ತಣ್ಣಗೆ ಮಾಡು. ಆಮೇಲೆ ಎಲ್ಲಾನೂ ಮುಚ್ಚಳ ಇರೋ ಸ್ಟೀಲ್ ಡಬ್ಬೀಗೆ ಹಾಕಿ ಕೈ ಸೋಲೋಗಂಟ ಕುಲುಕು. ನೊರೆ ತಾನಾಗೇ ಬತ್ತದೆ.

…

ಒಳ್ಳೇ ಹುಡ್ಗಿ. ಹೋಗು, ಮೊಕ ತೊಳ್ಕೋ. … ಶಾಂತಾ, ಇದ್ದೀಯಾ? ಕಾಫಿ ಬಣ್ಣದ ಐಸ್ನ ಯಾವ ಅಂಗಡೀಲಿ ಮಾರ್ತಾರೆ ಹೇಳು? ಸುಳ್ಳು ಹೇಳೋಕಾದ್ರೂ ನೆಟ್ಟಗೆ ಬರ್ಬೇಡ್ವಾ?

…

ಭಯಾನಾ? ಯಾವ ಭಯ? … ಸಾಬರ ಮನೇಲಿ ಮಾಡಿದ್ದು ಅಂತ ಗೊತ್ತಾದ್ರೆ ಕುಡೀತಾ ಇರ್ಲಿಲ್ಲ ಅಂತಾನಾ? ಅವ್ರು ಕೇಳಿದ್ರಾ ನಿನ್ನ? … ಕೇಳಿದ್ರಾ ಅಂದೆ.

…

ನಾನ್ ಹೇಳ್ತೀನಿ ಕೇಳು. ಕಾಫಿ ಕಳ್ಸಿದ್ಮೇಲೆ, ಈ ಬಿಸ್ಲಿಗೆ ಐಸ್ ಸಾಲ್ದು ಅಂತ ಟ್ರೇ ಹಿಡ್ಕೊಂಡು ಬಂದೆ. ಈದ್‌ಗೆ ತಂದಿದ್ದ ಹೊಸ ಸೀರೆ ಉಟ್ಕೊಂಡಿದ್ದೆ. ಹುಡುಗನ್ನ ಒಂದ್ಸಲ ಕಣ್ ತುಂಬ ನೋಡ್ಬುಡಾನ ಅಂತ ಆಸೆ. ಅವ್ರ ತಾಯಿ 'ಬನ್ನಿ, ಕೂತ್ಕೊಳ್ಳಿ' ಅಂತ ಚಾಪೆ ಮೇಲೆ ಸರ್ಕೊಂಡು ಜಾಗ ಬಿಟ್ರು ಕಣೇ. ನಾನ್ ನೋಡ್ದೆ, ನೀನೂ ನೋಡ್ದೆ. ಆಗ ತಾನೆ ನೀನು ಅಡ್ಡ ಬಂದು ಐಸ್ ಅಂಗಡಿಯವ್ರು ಅಂದಿದ್ದು? ಅವ್ರು ಕರೆದ್ರು, ನೀನ್ ಕಳ್ಸಿದೆ.

…

ಏನೋ ಬಾಯಿಗ್ ಬಂದ್ಬುಡ್ತು ಅಂದ್ರೆ? … ನಂಗೆ ನೋವಾಯ್ತು ಶಾಂತಾ. ಮನೆಗೆ ಬಂದು ಸೀರೆ ಬಿಚ್ಚಿಟ್ಟು ಅತ್ತೆ. ಚಾಮರಾಜನಗರದ ಆಸ್ಪತ್ರೇಲಿ ನಿಂಗೆ ಹೆರಿಗೆ ಆದಾಗ, ನಿಮ್ಮಮ್ಮ ಉಡಿಗಾಲದಿಂದ ಬರೋಗಂಟ ಆ ಮಗೂನ ಎದೆಗೆ ಅವುಚ್ಕೊಂಡು ಕೂತಿದ್ದೋಳು ನಾನು. ಅವತ್ತು ಭಯ ಇರ್ಲಿಲ್ವಾ ನಿಂಗೆ?

…

ಆಯ್ತು ಬುಡು. ನೀನೂ ಅಳ್ಬೇಡ. ಹೇಳಿಯಾಯ್ತು, ಮುಗೀತು. ಗುರುವಾರ ಬೆಳಿಗ್ಗೇನೇ ಬಂದು ಅವ್ಳ ಜೊತೆ ನಿಂತ್ಕೊಂಡು… ಏನು? ಯಾಕ್ ಮೆತ್ತಗೆ ಮಾತಾಡ್ತಿದ್ದೀಯ? ಸ್ಪೀಕರ್ ತೆಗೆದ್ಯಾ?

…

ಯಾಕೆ? ಗುರುವಾರ ನಾನ್ಯಾಕೆ ಆಚೆಗೆ ಬರ್ಬಾರ್ದು? … ಅವ್ರು ನನ್ ಮೊಕ ನೋಡವ್ರೆ ಅಂತಾನಾ? … ಹಾಂ. ಪಕ್ಕದ ಮನೇಲೇ ಕಂಡ್ಬುಟ್ರೆ ನಿನ್ ಸುಳ್ಳು ಗೊತ್ತಾಗೋಗ್ತದೆ. ಅದಕ್ಕೇ ಫೋನ್ ಮಾಡಿದ್ದಾ? ಕಾಫಿಗಲ್ಲ?

…

ಬಾಗ್ಲು ಹಾಕ್ಕೊಂಡು ಒಳಗೆ ಕೂತಿರ್ಬೇಕಾ ನಾನು, ನಮ್ಮನೇಲೇ? … ಸರಿ. ಸ್ವರ್ಣಂಗೋಸ್ಕರ ಒಂದಿನ ಕೂತ್ಕೊಳ್ತೀನಿ. ಕೂತ್ಕೊಳ್ತೀನಿ ಬುಡು. … ಮದ್ವೆ ಯಾವಾಗ ಇಟ್ಕೊಂಡಿದ್ದೀರಿ?

…

ಮದ್ವೆ ಯಾವಾಗ ಅಂದೆ.

…

'ನೋಡಾನ' ಅಂದ್ರೆ? … ಮದ್ವೆಗೂ ಬ್ಯಾಡ್ವಾ? ಶಾಂತಾ… ಆ ಮಗು ತಲೆ ಮೇಲೆ ಒಂದ್ ಹಿಡಿ ಅಕ್ಷತೆ ಹಾಕೋಕೂ ನಾನ್ ಬರ್ಬಾರ್ದಾ? … ಸ್ವರ್ಣ ಕೇಳಿದ್ರೆ ಏನಂತೀಯ ಅವ್ಳಿಗೆ? … ಅದೂ ಇದೂ ಬ್ಯಾಡ, ಒಂದೇ ಮಾತ್ ಹೇಳು. ಬರ್ಲಾ, ಬ್ಯಾಡ್ವಾ?

…

ಹಲೋ? … ಶಾಂತಾ? … ಹಲೋ?