ಪಂಚಮಿಗೆ ಕರೆದವಳು

ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಹುಸೇನ್‌ಸಾಬ್ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಗದ್ದೆಯಲ್ಲಿ ಸಸಿ ಹಚ್ಚಿ, ಕಾಲು ತೊಳೆದುಕೊಂಡು ನೇರವಾಗಿ ಇಲ್ಲಿಗೇ ಬಂದಿರುವ ತಾಯಂದಿರೇ, ಎಷ್ಟು ಹೇಳಿದರೂ ಕೂರದ ನನ್ನ ಮಕ್ಕಳೇ, ಸಭಿಕರೇ,

ಜವಳಗೇರಾದ ಈ ಶಿಶುಪಾಲನಾ ಕೇಂದ್ರದ ವಾರ್ಷಿಕೋತ್ಸವದಲ್ಲಿ ನನ್ನನ್ನು ಸನ್ಮಾನಿಸಿದ್ದೀರಿ. ಶಿಕ್ಷಕಿಯ ಜವಾಬ್ದಾರಿಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದೂ ಅಪ್ಪಣೆ ಮಾಡಿದ್ದೀರಿ. ಮೈಕು ಸಿಕ್ಕ ಟೀಚರ್‌ಗೆ ನಾಲ್ಕು ಎಂದರೆ ಎಷ್ಟು ಎಂಬುದು ಅಧ್ಯಕ್ಷರಿಗೆ ಗೊತ್ತಿಲ್ಲ, ಪಾಪ.

ಜವಾಬ್ದಾರಿ ಎಂದರೆ ಯಾವುದು? ಮೂಗು ಒರೆಸುವುದೇ? ಉಣಿಸುವುದೇ? ಮಲಗಿಸುವುದೇ? ಅವನ್ನೆಲ್ಲ ನಮ್ಮ ಸಹಾಯಕಿ ಮಾಬುಬೀ ನನಗಿಂತ ಚೆನ್ನಾಗಿ ಮಾಡುತ್ತಾಳೆ. ನನ್ನ ಪಾಲಿಗೆ ಬಂದದ್ದು ಬಾಗಿಲು. ತಾಯಿ ಬೆಳಿಗ್ಗೆ ಯಾರ ಹೆಸರು ಹೇಳಿ ಹೋಗಿರುತ್ತಾಳೋ, ಸಂಜೆ ಅವರ ಕೈಗೇ ಮಗುವನ್ನು ಕೊಡಬೇಕು. ಬೇರೆ ಯಾರೇ ಬರಲಿ, ಕೊಡಬಾರದು. ಕೇಳಲು ಎಷ್ಟು ಸುಲಭ ನೋಡಿ.

ನನ್ನ ಅಣ್ಣ ನರಸಣ್ಣ ಮುಕ್ಕುಂದದವನು. ಈ ಕೆಲಸದ ಸಂದರ್ಶನಕ್ಕೆ ನನ್ನನ್ನು ಬೈಕಿನ ಮೇಲೆ ಸಿಂಧನೂರಿಗೆ ಕರೆದೊಯ್ದವನೇ ಅವನು. ಒಳಗೆ ನನ್ನನ್ನು ಪ್ರಶ್ನೆ ಕೇಳುತ್ತಿದ್ದರೆ, ಹೊರಗೆ ಅವನಿಗೇ ಬೆವರು ಕಿತ್ತುಬಂದಿತ್ತಂತೆ. ಅಪ್ಪ ಅವ್ವ ತೀರಿಕೊಂಡ ಮೇಲೆ ನನಗೆ ತವರು ಅಂತ ಇದ್ದದ್ದು ಅವನೊಬ್ಬನೇ. ಅವನಿಗೂ ಅವನ ಹೆಂಡತಿ ಬಸ್ಸಮ್ಮನಿಗೂ ಹೊಂದಿಕೆಯಾಗಲಿಲ್ಲ. ಅವಳು ಮಗಳು ರೂಪಾಳನ್ನು ಎತ್ತಿಕೊಂಡು ಬಂದು ನಮ್ಮೂರ ಕಾಲುವೆ ಬದಿಯ ವಸತಿಯಾದ ಕ್ಯಾಂಪಿನಲ್ಲಿ ಒಂದು ಕೋಣೆ ಹಿಡಿದಳು, ನಾಟಿ ಕೆಲಸಕ್ಕೆ ಹೋಗತೊಡಗಿದಳು. ಮಗುವನ್ನು ನನ್ನ ಬಳಿ ಬಿಡುವಾಗ ಒಂದೇ ಮಾತು ಹೇಳಿದ್ದಳು: "ನನ್ನ ಬಿಟ್ಟು ಯಾರ ಕೈಯಾಗೂ ಕೊಡಬ್ಯಾಡ, ದುರಗಮ್ಮ."

ಒಂದು ಮಧ್ಯಾಹ್ನ ಅಣ್ಣ ಬಂದ. ರೂಪಾ "ಅಪ್ಪಾ" ಎಂದು ಓಡಿಹೋಗಿ ಅವನ ಕಾಲು ತಬ್ಬಿದಳು.

"ಕೂಸಿನ ಒಯ್ಯಾಕ ಬಂದೀನಿ. ಕರ ಹಿಡದ್ರ ಆಕಳ ತಾನ ಹಿಂದ ಬರತೈತಿ" ಎಂದ.

"ಅಣ್ಣಾ, ಇಲ್ಲೇ ಕುಂತು ಎಷ್ಟೊತ್ತರ ಆಡಸು. ಒಯ್ಯಾಕ ಮಾತ್ರ ನಾ ಕೊಡಂಗಿಲ್ಲ."

"ನಾ ಹೆತ್ತ ಅಪ್ಪ ಅದೀನಿ."

"ನಾನೂ ನಿನ್ನ ತಂಗಿನ ಅದೀನಿ. ಆದ್ರ ಈ ಹೊಸ್ತಲದಾಗ ನಾ ಟೀಚರ್."

ಅವನು ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಅಣ್ಣ ಕೆಟ್ಟವನಲ್ಲ, ಸಭಿಕರೇ. ಮಗಳನ್ನು ಕೆಳಗಿಳಿಸಿ, "ಇನ್ನ ಮ್ಯಾಲೆ ಪಂಚಮಿಗೆ ನಮ್ಮ ಮನಿ ದಾರಿ ನೋಡಬ್ಯಾಡ" ಎಂದು ಬೈಕ್ ಹತ್ತಿದ. ಸಂಜೆ ಟ್ರ್ಯಾಕ್ಟರ್ ಇಳಿದು ಬಂದ ಬಸ್ಸಮ್ಮನ ಕೈಗೆ ರೂಪಾಳನ್ನು ಕೊಟ್ಟೆ. ಏನೂ ಹೇಳಲಿಲ್ಲ. ಹೇಳುವ ಕೆಲಸವನ್ನು ಆಮೇಲೆ ಮಾಬುಬೀ ವಹಿಸಿಕೊಂಡಳು.

ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣ ತಮ್ಮಂದಿರು ಬಂದು ಕರೆದೊಯ್ದರು. ಕೇಳಿದವರಿಗೆ "ಅಣ್ಣಗ ಪುರಸೊತ್ತಿಲ್ಲ" ಎಂದೆ. ನನಗೇನೂ ಬೇಜಾರಿರಲಿಲ್ಲ. ಬೈಕಿನ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದೆ, ಅಷ್ಟೇ. ಮರುವರ್ಷವೂ ಹಾಗೇ ಆಯಿತು. ಮಾಡಿದ್ದು ಸರಿ ಎಂದು ಗೊತ್ತಿತ್ತು. ಸರಿ ಮಾಡಿದವರಿಗೂ ಅಳು ಬರುತ್ತದೆ ಎಂದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಸ್ಸಮ್ಮ, ಕಂಕುಳಲ್ಲಿ ರೂಪಾ.

"ಹೊಸ ಸೀರಿ ಉಟಗೊ, ದುರಗಮ್ಮ. ಹಬ್ಬಕ್ಕ ಕರಿಯಾಕ ಬಂದೀನಿ."

"ಅಣ್ಣ ಕಳಿಸ್ಯಾನೇನು?"

"ಅವನ್ಯಾಕ ಕಳಸ್ತಾನ? ನಾನ ಬಂದೀನಿ. ಹೆಣ್ಣಮಗಳನ್ನ ಹಬ್ಬಕ್ಕ ಗಂಡಸ ಕರೀಬೇಕಂತ ಎಲ್ಲೈತಿ? ಒಂದ ಕೋಲಿ ಐತಿ, ಜೋಕಾಲಿಗೆ ಗಿಡ ಇಲ್ಲ. ತೊಲಿಗೆ ಹಗ್ಗ ಕಟ್ಟೀನಿ. ನಡಿ."

ಹೋದೆ. ಇಷ್ಟು ವಯಸ್ಸಾದ ಹೆಂಗಸು ಆ ಪುಟ್ಟ ಕೋಣೆಯಲ್ಲಿ ಜೋಕಾಲಿ ಆಡಿದೆ. ಪ್ರತಿ ಸಲವೂ ಕಾಲು ಎದುರಿನ ಗೋಡೆಗೆ ತಾಗುತ್ತಿತ್ತು. ಬಸ್ಸಮ್ಮ ತೂಗುತ್ತಾ ನಗುತ್ತಿದ್ದಳು. ನಾನು ಶೇಂಗಾ ಉಂಡಿ ತಿನ್ನುತ್ತಾ ಅತ್ತೆ, ಅಳುತ್ತಲೇ ಇನ್ನೊಂದು ಕೇಳಿದೆ.

ಅಣ್ಣ ಇವತ್ತಿಗೂ ಮಾತಾಡಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬರುವ ದಿನ ಬರಲಿ, ಬಾಗಿಲು ತೆಗೆಯುತ್ತೇನೆ.

ಸಮಯ ಮೀರಿದೆ, ಅಧ್ಯಕ್ಷರು ನೀರಿನ ಲೋಟವನ್ನು ನನ್ನ ಕಡೆ ಸರಿಸುತ್ತಿದ್ದಾರೆ. ಸನ್ಮಾನಿಸಿದ ಸಮಿತಿಗೂ, ಮಕ್ಕಳನ್ನು ನಂಬಿ ಬಿಟ್ಟ ತಾಯಂದಿರಿಗೂ, ಮಾಬುಬೀಗೂ ನಾನು ಋಣಿ. ಒಂದು ಸಣ್ಣ ತಿದ್ದುಪಡಿ ಮಾತ್ರ ಇದೆ. ನನ್ನ ಪರಿಚಯ ಮಾಡಿಕೊಟ್ಟವರು ನನ್ನ ತವರು ಮುಕ್ಕುಂದ ಎಂದರು. ತಪ್ಪು ಅವರದಲ್ಲ, ನಾನೇ ಹಾಗೆ ಬರೆದುಕೊಟ್ಟಿದ್ದೆ. ನನ್ನ ತವರು ಇದೇ ಊರಲ್ಲಿದೆ, ಕ್ಯಾಂಪಿನ ಆ ಒಂದು ಕೋಣೆ. ಆ ಮನೆಯೊಡತಿ ಕೊನೆಯ ಸಾಲಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಅವಳಿಗೆ ಮೊದಲು, ನಿಮಗೆಲ್ಲ ಆಮೇಲೆ, ನನ್ನ ನಮಸ್ಕಾರ.